ಒಂಬತ್ತು ಚರಣ

ಇರ್ಮೆಲಾ ಆರ್ಗನ್ನಿನ ಮೇಲಿನ ಕನ್ನಡಿಯನ್ನು ಕೋಟಿನ ತೋಳಿನಿಂದ ಒರೆಸುತ್ತಿದ್ದಾಗ ಬೇಕರಿಯ ಕೂನೋ ಏದುಸಿರು ಬಿಡುತ್ತ ಅಟ್ಟ ಹತ್ತಿ ಬಂದ. ನುಡಿಸುವವರು ಚರ್ಚಿಗೆ ಬೆನ್ನು ಹಾಕಿ ಕೂರುತ್ತಾರೆ. ಕೆಳಗೆ ನಡೆಯುವುದೆಲ್ಲ ಅವರಿಗೆ ಆ ಕನ್ನಡಿಯಲ್ಲೇ ಕಾಣಬೇಕು. ಈಗ ಅದರಲ್ಲಿ ಪ್ರೊಫೆಸರ್ ಹಾಫರ್‌ಲಾಂಡರ ಶವಪೆಟ್ಟಿಗೆ ಕಾಣುತ್ತಿತ್ತು.

“ಒಂದೇ ಹಾಡಂತೆ, ಒಂಬತ್ತು ಚರಣ, ಅದೂ ಅವರ ಹಳೇ ಲಯದಲ್ಲಿ! ಯಾರಿಗೆ ಬರುತ್ತೆ ಕಣೇ ಅದು?”

“ಉಯಿಲಲ್ಲಿ ಹಾಗೇ ಬರೆದಿಟ್ಟಿದ್ದಾರೆ.”

ಪ್ರೊಫೆಸರಿಗೆ ಸತ್ತ ಮೇಲೂ ಪಾಠ ಹೇಳುವ ಚಟ ಬಿಟ್ಟಿರಲಿಲ್ಲ.

“ಬರೆದಿಟ್ರೆ ಏನೀಗ? ನೀನು ನಮ್ಮ ಧಾಟಿಲೇ ನುಡಿಸ್ಬಿಡು. ಅವರೇನು ಎದ್ದು ಬಂದು ಕೇಳ್ತಾರಾ?”

“ಇಲ್ಲ ಕೂನೋ. ಅವರು ಕೇಳಿದ್ದನ್ನೇ ಕೊಡ್ತೀನಿ. ಒಂದು ಸ್ವರ ಆಚೀಚೆ ಆಗಲ್ಲ.”

ಕೂನೋ ಅವಳ ಮುಖ ನೋಡಿದ. “ಅಯ್ಯೋ ಮಾರಾಯ್ತಿ, ಇಪ್ಪತ್ತೆಂಟು ವರ್ಷ ಆಯ್ತಲ್ಲೇ.”

“ಇಪ್ಪತ್ತೊಂಬತ್ತು.”

*

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಆ ಭಾನುವಾರ ಆರ್ಗನ್ ಮುಂದೆ ಕೂತಿದ್ದವರು ಅವಳ ಅಪ್ಪ ಆರ್ನೋ. ಊರಿನವರು ತಾತಂದಿರಿಂದ ಕಲಿತಂತೆ ಎಲ್ಲ ಸ್ವರಗಳನ್ನೂ ಒಂದೇ ಉದ್ದಕ್ಕೆ ಎಳೆದು ಹಾಡುತ್ತಿದ್ದರು. ಹಾಫರ್‌ಲಾಂಡರು ಲುಥೆರನ್ ದೇವತಾಶಾಸ್ತ್ರದ ಪ್ರೊಫೆಸರು. ಸ್ಯಾಕ್ಸನಿಯ ಲೈಬ್ರರಿಗಳಲ್ಲೆಲ್ಲ ಧೂಳು ಕುಡಿದು ನಾನೂರು ವರ್ಷದ ಹಿಂದಿನ ಸ್ವರಪುಸ್ತಕಗಳನ್ನು ಹುಡುಕಿದವರು. ಹುಟ್ಟಿದಾಗ ಈ ಹಾಡುಗಳು ಕುಣಿಯುತ್ತಿದ್ದವು ಎಂಬುದು ಅವರ ವಾದ. ವಾದ ಸರಿಯೇ ಇತ್ತು, ಸಂಕಟವೂ ಅದೇ.

ಎರಡನೇ ಚರಣದ ನಡುವೆ ಅವರು ದಡದಡನೆ ಅಟ್ಟ ಹತ್ತಿ ಬಂದು, ಅಪ್ಪನ ಮಣಿಕಟ್ಟು ಹಿಡಿದು ಕೀಲಿಮಣೆಯಿಂದ ಎತ್ತಿದರು. “ಸಾಕು ಮಾಡಿ! ಇದು ಹಾಡಲ್ಲ, ಹೆಣ ಎಳೆಯೋದು,” ಎಂದದ್ದು ತುಂಬಿದ ಚರ್ಚಿಗೆಲ್ಲ ಕೇಳಿಸಿತು.

ಕನ್ನಡಿಯಲ್ಲಿ ಊರಿಗೆ ಊರೇ ಕತ್ತು ತಿರುಗಿಸಿ ಮೇಲೆ ನೋಡುತ್ತಿತ್ತು. ಅಪ್ಪ ಆ ಕನ್ನಡಿಯನ್ನು ಗೋಡೆಗೆ ತಿರುಗಿಸಿ ಮೆಟ್ಟಿಲಿಳಿದು ಹೋದರು. ಸಾಯುವವರೆಗೆ ಮತ್ತೆ ಹತ್ತಲಿಲ್ಲ. ಊರೂ ಹಠ ಹಿಡಿದು ಪ್ರೊಫೆಸರ ಲಯ ಕಲಿಯಲೇ ಇಲ್ಲ. ಇರ್ಮೆಲಾ ಮಾತ್ರ ಕಲಿತಳು, ಹಗೆಯಿಂದ.

*

ಪಾದ್ರಿ ಕೈಯೆತ್ತಿದರು. ಇರ್ಮೆಲಾ ಚಿಮ್ಮಿಸುವಲ್ಲಿ ಚಿಮ್ಮಿಸಿ, ತಡೆಯುವಲ್ಲಿ ತಡೆದು, ಪ್ರೊಫೆಸರ ಸ್ವರಪುಸ್ತಕದಲ್ಲಿ ಇದ್ದ ಹಾಗೇ ನುಡಿಸಿದಳು. ಜನ ಮೊದಲ ಸಾಲಿನಲ್ಲೇ ಎಡವಿದರು. ಎರಡನೇ ಚರಣಕ್ಕೆ ಬಾಯಿ ಮುಚ್ಚಿಕೊಂಡು ಕೂತರು. ಇರ್ಮೆಲಾಗೆ ಹೊಟ್ಟೆ ತಣ್ಣಗಾಯಿತು. ಜೀವಮಾನವಿಡೀ ಹಾಡನ್ನೇ ಓದಿದವನು ಹಾಡಿಲ್ಲದೆ ಮಣ್ಣಿಗೆ ಹೋಗಲಿ.

ಮೂರನೇ ಚರಣದಲ್ಲಿ ಒಂದು ದನಿ ಎದ್ದಿತು. ಪ್ರೊಫೆಸರ ಹೆಂಡತಿ ರೊಸ್ವಿಟಾ ಬೆಂಚು ಹಿಡಿದು ಎದ್ದು ನಿಂತಿದ್ದಳು. ಎಂಬತ್ತರ ಒಡಕು ಗಂಟಲು. ಲಯ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಪ್ರೊಫೆಸರಿಗೆ ದನಿಯಿರಲಿಲ್ಲ, ಹುಡುಕಿ ತಂದ ಹಾಡನ್ನೆಲ್ಲ ಅಡುಗೆಮನೆಯಲ್ಲಿ ಇವಳಿಂದಲೇ ಹಾಡಿಸಿ ಕೇಳುತ್ತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಇರ್ಮೆಲಾ ತನ್ನ ಲೆಕ್ಕಾಚಾರದಲ್ಲಿ ಅದೊಂದನ್ನು ಮರೆತಿದ್ದಳು.

“ಸಾಕು ಕಣೇ,” ಅಟ್ಟದಲ್ಲೇ ಪಕ್ಕಕ್ಕೆ ನಿಂತಿದ್ದ ಕೂನೋ ಪಿಸುಗುಟ್ಟಿದ. “ಮುದುಕಿ ಬಿದ್ದುಹೋಗ್ತಾಳೆ. ನಮ್ಮ ಧಾಟಿಗೆ ಹೊರಳು, ಎಲ್ಲರೂ ದನಿ ಸೇರಿಸ್ತೀವಿ.”

“ಇನ್ನೂ ಆರು ಚರಣ ಇದೆ.”

ನಾಲ್ಕನೆಯದರ ಕೊನೆಗೆ ರೊಸ್ವಿಟಾ ಹಿಂದಕ್ಕೆ ತಿರುಗಿ ತಲೆಯೆತ್ತಿದಳು. ಕನ್ನಡಿಯಲ್ಲಿ ಅವಳ ಕಣ್ಣು ಇರ್ಮೆಲಾಳನ್ನು ಹುಡುಕಿ ಹಿಡಿಯಿತು. ಅವಳು ಬೇಡಲಿಲ್ಲ, ಶಪಿಸಲಿಲ್ಲ, ಹಾಡುತ್ತಲೇ ಇದ್ದಳು.

ಇರ್ಮೆಲಾ ಎಡಗೈ ಎತ್ತಿ ಕನ್ನಡಿಯನ್ನು ಗೋಡೆಗೆ ತಿರುಗಿಸಿದಳು. ಬಲಗೈಯಲ್ಲಿ ಅದೇ ಹಳೇ ಲಯದಲ್ಲಿ ಐದನೇ ಚರಣ ಎತ್ತಿಕೊಂಡಳು.