ಮಧ್ಯಾಹ್ನಕ್ಕೆ ಸಡಿಲವಾಗುವ ಕಾಲು

ದರ್ಜಿಯಮ್ಮನ ಬಲಗಾಲು ಮೊಣಕಾಲಿನವರೆಗೆ ದೇವರು ಕೊಟ್ಟದ್ದು, ಅಲ್ಲಿಂದ ಕೆಳಗೆ ಆಸ್ಪತ್ರೆ ಕೊಟ್ಟದ್ದು. ಬೆಳಿಗ್ಗೆ ಅದು ಬಿಗಿಯಾಗಿ ಕೂರುತ್ತಿತ್ತು. ಹೊತ್ತು ಏರಿದಂತೆ ಮೋಟುಗಾಲು ಬತ್ತಿ, ಮಧ್ಯಾಹ್ನಕ್ಕೆ ಸಡಿಲವಾಗುತ್ತಿತ್ತು. ಆಗ ಹೊಲಿಗೆ ನಿಲ್ಲಿಸಿ, ಕಾಲು ಬಿಚ್ಚಿ, ಉಳಿಕೆ ಬಟ್ಟೆಯಲ್ಲಿ ತಾನೇ ಹೊಲಿದ ಇನ್ನೊಂದು ಚೀಲವನ್ನು ಮೋಟಿಗೆ ಏರಿಸಿ ಮತ್ತೆ ತೊಡುತ್ತಿದ್ದಳು. ಆ ಚೀಲಗಳನ್ನು ಎತ್ತಿಕೊಡುತ್ತಲೇ ಬೆಳೆದವಳು ಮಗಳು. ಮಾತು ಚೂಪೆಂದು ಮನೆಯವರೆಲ್ಲ ಅವಳನ್ನು ಸೂಜಿ ಎನ್ನುತ್ತಿದ್ದರು.

ಸೂಜಿಗೆ ಕೃತಕ ಕೈಕಾಲು ಮಾಡುವುದನ್ನು ಕಲಿಸುವ ಬಯೋಮೆಡಿಕಲ್ ಎಂಜಿನಿಯರಿಂಗ್ ಓದಬೇಕಿತ್ತು. ಅದಕ್ಕೆ ಗಣಿತದ ಪ್ರವೇಶ ಪರೀಕ್ಷೆ, ಡಾಕ್ಟರಾಗಲು ಜೀವಶಾಸ್ತ್ರದ್ದು. ಎರಡೂ ಒಂದೇ ದಿನ, ಒಂದೇ ಹೊತ್ತಿಗೆ. ಅರ್ಜಿ ಹಾಕಲು ಇವತ್ತೇ ಕೊನೆ. ಜೀವಶಾಸ್ತ್ರ ಅವಳಿಗೆ ನೀರು ಕುಡಿದಷ್ಟು ಸಲೀಸು. ಗಣಿತ ಕಬ್ಬಿಣದ ಕಡಲೆ.

ಔಷಧಿ ಅಂಗಡಿಯ ಸೋದರಮಾವ ಅಂಗಡಿಗೆ ಬೀಗ ಹಾಕಿಯೇ ಬಂದಿದ್ದ.

“ಕೈಗೆ ಬಂದ ತುತ್ತು ಬಾಯಿಗೆ ಬೇಡ್ವೇನೇ? ಜೀವಶಾಸ್ತ್ರ ಬರಿ, ಡಾಕ್ಟರಾಗು. ನನ್ನ ಅಂಗಡಿ ಪಕ್ಕದಲ್ಲೇ ಬೋರ್ಡು ಹಾಕಿಸ್ತೀನಿ.”

“ಮಾವಾ, ಅಮ್ಮಂಗೆ ಡಾಕ್ಟ್ರು ಏನಂದ್ರು ಗೊತ್ತಾ? ‘ಅಭ್ಯಾಸ ಆಗುತ್ತೆ’ ಅಂದ್ರು. ನಂಗೆ ಅಭ್ಯಾಸ ಆಗೋದು ಬೇಡ. ಮೋಟು ಬತ್ತಿದ ಹಾಗೆ ತಾನೇ ಬಿಗಿಯಾಗೋ ಕಾಲು ಮಾಡ್ಬೇಕು. ಎಲ್ಲಿ ಎಷ್ಟು ಒತ್ತಡ ಬೀಳುತ್ತೆ ಅನ್ನೋದಕ್ಕೆ ಲೆಕ್ಕ ಬೇಕು.”

“ಲೆಕ್ಕ! ಹೋದ ಪರೀಕ್ಷೇಲಿ ಲೆಕ್ಕ ನಿನ್ನ ನೋಡಿ ನಕ್ಕಿತಲ್ಲೇ!”

“ನಗ್ಲಿ. ಹಲ್ಲು ಎಣಿಸ್ತೀನಿ.”

ಮಾವ ಅಕ್ಕನ ಕಡೆ ತಿರುಗಿದ. “ನೀನಾದ್ರೂ ಹೇಳಕ್ಕಾ. ದೇವರು ಇಟ್ಟ ಹಾಗೆ ಇರ್ಬೇಕು ಅಂತ ನೀನೇ ಹೇಳ್ತಿರ್ತೀಯ.”

ದರ್ಜಿಯಮ್ಮ ದಿನವೂ ಪ್ರಾರ್ಥಿಸಿಯೇ ಹೊಲಿಗೆಗೆ ಕೂರುವವಳು. ಈಗ ಮಧ್ಯಾಹ್ನವಾಗಿತ್ತು. ಕಾಲು ಬಿಚ್ಚಿ ತಮ್ಮನ ತೊಡೆಯ ಮೇಲಿಟ್ಟಳು. ಒಳಗಿನ ಚೀಲದಲ್ಲಿ ರಕ್ತದ ಕಲೆ. ಅವನು ಅದನ್ನು ನೋಡಿದ್ದು ಇದೇ ಮೊದಲು.

“ಕಾಲು ತಗೊಂಡೋನು ದೇವರು, ಸರಿ. ಇವಳಿಗೆ ಹಟ ಕೊಟ್ಟೋನೂ ಅವನೇ. ಅದನ್ನ ಬೇಡ ಅನ್ನೋಕೆ ನೀನ್ಯಾರೋ?”

ಸೂಜಿ ಫೋನಿನಲ್ಲಿ ಅರ್ಜಿ ತೆರೆದು ಗಣಿತವನ್ನು ಒತ್ತಿದಳು.

ಮಾವ ಆ ಕಾಲನ್ನು ಕೂಸಿನಂತೆ ಹಿಡಿದುಕೊಂಡೇ ಕೇಳಿದ: “ಪರೀಕ್ಷೇಲಿ ಬಿದ್ರೆ?”

“ಮುಂದಿನ ವರ್ಷ ಮತ್ತೆ ಅದನ್ನೇ ಬರೀತೀನಿ.”

“ಬೀಳೋದು ಈ ಮನೆಗೆ ಹೊಸದೇನೋ?” ದರ್ಜಿಯಮ್ಮ ನಕ್ಕಳು. “ಕೊಡೋ ನನ್ನ ಕಾಲು. ಅಂಗಿ ಅರ್ಧಕ್ಕೇ ನಿಂತಿದೆ.”