ಸೂರತ್‌ನಿಂದ ದಾನಪ್ಪ

ನಾನು ಒಂದು ರೇಡಿಯೊ. ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನನಗಿದ್ದದ್ದು ಎರಡೇ ಬ್ಯಾಂಡು. ಮೀಡಿಯಂ ವೇವ್‌ನಲ್ಲಿ ಧಾರವಾಡ ಸಿಗುತ್ತಿತ್ತು, ಶಾರ್ಟ್‌ವೇವ್‌ನಲ್ಲಿ ಸಮುದ್ರದಾಚೆಯ ದೇಶಗಳು. ಹುಬ್ಬಳ್ಳಿಯ ಅಂಗಡಿಯಲ್ಲಿ ಧೂಳು ತಿನ್ನುತ್ತ ಕೂತಿದ್ದ ನನ್ನನ್ನು ಬೆಟಗೇರಿಯ ನೇಕಾರ ಚೌಡಪ್ಪ ಕೊಂಡು ತಂದು ಕೈಮಗ್ಗದ ಪಕ್ಕದ ಗೂಡಿನಲ್ಲಿಟ್ಟ.

ಚೌಡಪ್ಪ ನೇಯುತ್ತಿದ್ದ, ಹೆಂಡತಿ ಶಂಕ್ರೆವ್ವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳೇ ಸಾಕಿದ ತಮ್ಮ ದಾನಪ್ಪ ಇನ್ನೊಂದು ಮಗ್ಗಕ್ಕೆ ಕೂರುತ್ತಿದ್ದ. ವಾರಕ್ಕೊಮ್ಮೆ ಶಾರ್ಟ್‌ವೇವ್‌ನಲ್ಲಿ ಹಿಂದಿ ಹಾಡುಗಳ ಕೋರಿಕೆ ಕಾರ್ಯಕ್ರಮ ಬರುತ್ತಿತ್ತು. ಕೋರಿದವರ ಹೆಸರು, ಊರು ಓದುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಕೆಲಸ ಬಿಟ್ಟು ನನ್ನ ಮುಂದೆ ಕೂರುತ್ತಿದ್ದರು.

ಒಂದು ದಿನ ದಾನಪ್ಪ ಬಾಯಿಬಿಟ್ಟ. "ಮಾಮಾ, ಕೈಮಗ್ಗದ ಕಾಲ ಮುಗೀತು. ಕರೆಂಟ್ ಮಗ್ಗ ಹಾಕೋಣು."

ಚೌಡಪ್ಪ ಕಪಾಳಕ್ಕೆ ಬಾರಿಸಿದ. "ನನ್ನ ಹೊಸ್ತಲಾ ಮತ್ತ ತುಳೀಬ್ಯಾಡ!"

ಹುಡುಗ ಉಟ್ಟ ಬಟ್ಟೆಯಲ್ಲೇ ಹೋದ. ಅವನ ಹೆಸರನ್ನೂ ಮನೆಯಲ್ಲಿ ಎತ್ತಬಾರದೆಂದು ಚೌಡಪ್ಪ ಕಟ್ಟಪ್ಪಣೆ ಮಾಡಿದ.

ಮುಂದಿನ ವರ್ಷ ಅದೇ ಕಾರ್ಯಕ್ರಮದಲ್ಲಿ ಒಂದು ಹೆಸರು ಬಂತು: ಸೂರತ್‌ನಿಂದ ದಾನಪ್ಪ. ಶಂಕ್ರೆವ್ವನ ಕೈಯಿಂದ ಕಂಡಿಕೆ ಜಾರಿತು. ಆಮೇಲೆ ಆಗೊಮ್ಮೆ ಈಗೊಮ್ಮೆ ಆ ಹೆಸರು ಬರುತ್ತಲೇ ಇತ್ತು. ಹಾಡು ಯಾವುದಾದರೇನು, ತಮ್ಮ ಬದುಕಿದ್ದಾನೆ ಎಂಬುದಕ್ಕೆ ಅವಳಿಗಿದ್ದ ಸುದ್ದಿ ಅದೊಂದೇ. ಮಗ್ಗದ ಸದ್ದಿನಲ್ಲಿ ಗಂಡನಿಗೆ ಅದು ಕೇಳಿಸುತ್ತಿರಲಿಲ್ಲ, ಅವಳೂ ಹೇಳಲಿಲ್ಲ. ನಾನಂತೂ ಹೇಳುವ ಹಾಗಿಲ್ಲ, ನನ್ನ ಬಾಯಿ ಇರುವುದು ಬೇರೆಯವರ ಮಾತಿಗೆ.

ಕೆಲವು ವರ್ಷಗಳಲ್ಲಿ ಚೌಡಪ್ಪನೇ ಕರೆಂಟ್ ಮಗ್ಗ ತಂದ. ಆದರೂ ದಾನಪ್ಪ ಹೇಳಿದ್ದು ಸರಿ ಎಂದು ಒಪ್ಪಲಿಲ್ಲ. ಗಂಡಸಿನ ಬಿಗುಮಾನ ನೋಡಿ! ಮೋಟಾರು ತಿರುಗಿದರೆ ನನ್ನ ಶಾರ್ಟ್‌ವೇವ್ ತುಂಬ ಕರಕರ. ಅದರ ನಡುವೆಯೂ ಶಂಕ್ರೆವ್ವ ನನಗೆ ಕಿವಿ ಅಂಟಿಸಿ ಕೂರುತ್ತಿದ್ದಳು. ಹಾಡಿಗಾಗಿ ಎಷ್ಟು ಒದ್ದಾಡುತ್ತಾಳಲ್ಲ, ಪಾಪ ಎನಿಸಿತು ಚೌಡಪ್ಪನಿಗೆ. ಅವಳಿಗೆ ತಿಳಿಸದೆ ನನ್ನನ್ನು ಕಂಕುಳಲ್ಲಿಟ್ಟುಕೊಂಡು ರೇಡಿಯೊ ರಿಪೇರಿಯ ಇಮಾಮಸಾಬನ ಅಂಗಡಿಗೆ ನಡೆದ.

"ಎಫ್ಎಂ ಹಾಕಬೌದು, ಮೋಟಾರಿನ ಕರಕರಾ ಬರಂಗಿಲ್ಲ. ಆದ್ರ ಸ್ವಿಚ್ಚಿನಾಗ ಜಾಗಾ ಇಲ್ಲ, ಶಾರ್ಟ್‌ವೇವ್ ತಗೀಬೇಕಾಗ್ತೈತಿ," ಎಂದ ಇಮಾಮಸಾಬ.

"ತಗೀರಿ. ಯಾರಿಗೆ ಬೇಕಾಗೇತಿ ಆ ಕರಕರಾ?"

ನನ್ನನ್ನು ಯಾರು ಕೇಳಬೇಕು? ಹಳೆಯ ಕಾಯಿಲ್ ಕಿತ್ತು ಪುಟ್ಟ ಬೋರ್ಡೊಂದನ್ನು ಬೆಸೆದರು.

ಮನೆಗೆ ಬಂದ ಮೇಲೆ, ಮಗ್ಗ ಓಡುತ್ತಿದ್ದರೂ ನಾನು ಸ್ವಚ್ಛವಾಗಿ ಹಾಡಿದೆ. ಚೌಡಪ್ಪನ ಮುಖ ಅರಳಿತ್ತು. "ನಿನ್ನ ಸಲುವಾಗಿ ಮಾಡ್ಸೀನಿ. ಹೆಂಗ ಕೇಳ್ತೈತಿ?"

ಶಂಕ್ರೆವ್ವ ನನ್ನ ಸ್ಟೇಷನ್ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. "ಚಲೋ ಕೇಳ್ತೈತ್ರಿ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಚೌಡಪ್ಪ ಗಾಬರಿಯಾಗಿ ಕೇಳಿದ, ಅವಳು ಎಲ್ಲವನ್ನೂ ಹೇಳಿದಳು. ಅವನು ಎದ್ದು ಹೋಗಿ ಮಗ್ಗ ನಿಲ್ಲಿಸಿದ. "ನಂದ ತಪ್ಪು. ಅಂವಾ ಬರ್ಲಿ," ಎಂದ.

"ಎಲ್ಲದಾನಂತ ಹೇಳಿ ಕಳಸೋದ್ರಿ? ನಮ್ಮ ಹೆಸರೂ ಓದಸ್ರಿ. ಅಂವಾ ಕೇಳಿದ್ರ ಸಾಕು, ಓಡಿ ಬರ್ತಾನ."

ಚೌಡಪ್ಪ ಆ ಕಾರ್ಯಕ್ರಮಕ್ಕೆ ಪತ್ರ ಹಾಕಿದ. ಪ್ರತಿ ವಾರ ಇಬ್ಬರೂ ಇಮಾಮಸಾಬನ ಅಂಗಡಿಗೆ ಹೋಗಿ ಅಲ್ಲಿದ್ದ ಬೇರೆ ರೇಡಿಯೊ ಕೇಳಿದರು. ಕೊನೆಗೊಮ್ಮೆ ಬೆಟಗೇರಿಯ ಚೌಡಪ್ಪ, ಶಂಕ್ರೆವ್ವ ಎಂದು ಓದಿದರಂತೆ. ಮನೆಗೆ ಬಂದು ಸಿಹಿ ಸಜ್ಜಕ ಮಾಡಿ ತಿಂದರು.

ದಾನಪ್ಪ ಬರಲಿಲ್ಲ. ಅವನ ಹೆಸರೂ ಮತ್ತೆ ಕೇಳಿಬರಲಿಲ್ಲ.

ಈಗ ನಾನು ಅಟ್ಟದ ಮೇಲಿದ್ದೇನೆ. ಕೂತು ಕೂತು ಸಾಕಾಗಿದೆ. ಸೂರತ್‌ನಲ್ಲೂ ಕರೆಂಟ್ ಮಗ್ಗಗಳೇ ಅಂತೆ, ಅಲ್ಲೂ ಅದೇ ಕರಕರ ಇದ್ದಿರಬೇಕು. ದಾನಪ್ಪ ಒದ್ದಾಡುವುದನ್ನು ನೋಡಲಾಗದೆ, ಅವನನ್ನು ಪ್ರೀತಿಸುವವರು ಯಾರೋ ಅವನ ರೇಡಿಯೊದಲ್ಲೂ ಶಾರ್ಟ್‌ವೇವ್ ತೆಗೆಸಿ ಎಫ್ಎಂ ಹಾಕಿಸಿಕೊಟ್ಟಿರಬೇಕು.