ಅದಲುಬದಲಾದ ಬ್ಲೇಜರ್

ಇದು ನಡೆದದ್ದೇ. ನಂಬಿಕೆ ಬಾರದವರು ಜೆ.ಪಿ. ನಗರ ಎರಡನೇ ಫೇಸಿನ ನಾರಾಯಣಮ್ಮನವರನ್ನು ಕೇಳಬಹುದು. ಕಾಫಿ ಕೊಟ್ಟೇ ಹೇಳುತ್ತಾರೆ.

ಎಪ್ಪತ್ತೊಂದರ ಯುದ್ಧದಲ್ಲಿ ಅವರ ಗಂಡ ಶಿವರಾಮ್ ಸರಕು ವಿಮಾನದ ಪೈಲಟ್. ಅದೇ ವಿಮಾನದಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದವರು ಸೋಮನಾಥ್. ಯುದ್ಧಕ್ಕೆ ಹೋದವರಿಗೆಲ್ಲ ಕೊಡುವ ಮೆಡಲ್ ಇಬ್ಬರಿಗೂ ಬಂತು; ಶೌರ್ಯದ ಮೆಡಲ್ ಬಂದದ್ದು ಮಾತ್ರ ಪೈಲಟ್‌ಗೆ. ಅದನ್ನು ಹಾಕಿಕೊಂಡಾಗಲೆಲ್ಲ ಪಿನ್ನು ಬಟ್ಟೆ ದಾಟಿ ಎದೆಗೇ ಚುಚ್ಚಿದಂತಾಗುತ್ತಿತ್ತು ಶಿವರಾಮ್ ಅವರಿಗೆ.

ಹಳೆಯ ವಾಯುಯೋಧರ ಬಗ್ಗೆ ಪುಸ್ತಕ ಬರೆಯುತ್ತಿದ್ದ ರೇವಂತ್ ಒಂದು ದಿನ ಫೋನ್ ಮಾಡಿದ. "ಯಾರು ಎಷ್ಟು ಯುದ್ಧ ನೋಡಿದಾರೆ ಅಂತ ಮೆಡಲ್ ನೋಡಿದ್ರೇ ಗೊತ್ತಾಗತ್ತೆ ಸಾರ್. ನನ್ನ ಲೆಕ್ಕದಲ್ಲಿ ನಿಮಗೆ ಹತ್ತು ಪಾಯಿಂಟ್, ಒಂದು ಅಧ್ಯಾಯ. ನಿಮ್ಮ ಫ್ರೆಂಡ್‌ಗೆ ಎರಡೇ ಪಾಯಿಂಟ್, ಕೊನೇಲಿ ಒಂದು ಸಾಲು ಹಾಕೋಣ. ಇಬ್ರೂ ಮೆಡಲ್ ಹಾಕ್ಕೊಂಡಿರಿ, ಫೋಟೊ ತೆಗೀಬೇಕು."

ಆ ಒಂದು ಸಾಲಿಗೆ ಒಪ್ಪಲು ಶಿವರಾಮ್ ತಯಾರಿರಲಿಲ್ಲ.

ಭಾನುವಾರ ರೇವಂತ್ ಮನೆಗೆ ಬರುವ ಮುಂಚೆ ಅವರು ಸೋಮನಾಥ್‌ಗೆ ಮೆಡಲ್ ಚುಚ್ಚಿದ್ದ ತಮ್ಮ ಬ್ಲೇಜರ್ ತೊಡಿಸಿ, ಅವರದನ್ನು ತಾವು ತೊಟ್ಟರು.

"ಸಾರ್, ಇದು ನಿಮ್ಮ ಹೊಟ್ಟೆಗೆ ಹೊಲಿಸಿದ್ದು. ನಂಗೆ ಟೆಂಟ್ ಆಗತ್ತೆ."

"ಸುಮ್ನೆ ಕೂತ್ಕೊಳೋ. ಇದು ಆರ್ಡರ್."

"ಈ ವಯಸ್ಸಲ್ಲಿ ನಾಟಕ ಬೇರೆ!" ಎಂದ ನಾರಾಯಣಮ್ಮನವರು ತಾವೇ ಬಂದು ಕಾಲರ್ ಸರಿಮಾಡಿದರು.

ರೇವಂತ್ ಒಳಗೆ ಬಂದವನೇ ಮುಖ ನೋಡಲಿಲ್ಲ, ಎದೆ ನೋಡಿದ. ಸೋಮನಾಥ್ ಅವರ ಕಾಲಿಗೆ ಬಿದ್ದ. ಶಿವರಾಮ್ ಕಡೆ ಸುಮ್ಮನೆ ತಲೆಯಾಡಿಸಿದ. "ಬನ್ನಿ ಬನ್ನಿ," ಎಂದರು ಸೋಮನಾಥ್, ಥೇಟ್ ಶಿವರಾಮ್ ದನಿಯಲ್ಲಿ. ಎಂಜಿನ್ ಕೆಮ್ಮುವುದನ್ನೂ ಮಾಡಿ ತೋರಿಸಿ ನಗಿಸಿದರು. ಯುದ್ಧದ ಮಾತು ಬರುವ ಹೊತ್ತಿಗೆ ದನಿ ಅವರದೇ ಆಗಿತ್ತು.

"ಗುಂಡು ಬಿತ್ತು. ರೇಡಿಯೊ ಪೆಟ್ಟಿಗೆಗೆ ಬೆಂಕಿ ಹತ್ಕೊಳ್ತು. ಕಂಬಳಿ ಹಾಕಿ ಅದರ ಮೇಲೇ ಮಲಗಿಬಿಟ್ಟೆ. ಮುಂದಿದ್ದ ಸಾಹೇಬ್ರಿಗೆ ಹೇಳ್ಲಿಲ್ಲ. ಅವರ ಕೈ ನಡುಗಿದ್ರೆ ಇಳಿಸೋರು ಯಾರು?"

ಹೊಗೆ ಬಂದದ್ದಷ್ಟೇ ಶಿವರಾಮ್ ಅವರಿಗೆ ಗೊತ್ತಿತ್ತು. ಐವತ್ತು ವರ್ಷ ಇವನು ಇದನ್ನು ಹೇಳಿಯೇ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ರೇವಂತ್ ಪೆನ್ನು ನಿಂತಿತು. "ಸಾಹೇಬ್ರಾ? ಪೈಲಟ್ ನೀವಲ್ವಾ ಸಾರ್?"

"ಪೈಲಟ್ ನಾನು," ಎಂದರು ಶಿವರಾಮ್. ಹಾರಿದ್ದನ್ನೆಲ್ಲ ಬರೆದಿಡುವ ಲಾಗ್ ಬುಕ್ಕುಗಳನ್ನು, ತಮ್ಮದನ್ನೂ ಸೋಮನಾಥ್ ಅವರದನ್ನೂ, ಟೀಪಾಯಿ ಮೇಲೆ ಅಕ್ಕಪಕ್ಕ ಬಿಚ್ಚಿದರು. ಅದೇ ತಾರೀಖು, ಅದೇ ವಿಮಾನ, ಅದೇ ಹದಿಮೂರು ಹಾರಾಟ. "ನಾನು ಹೋದ ಕಡೆಯೆಲ್ಲ ಇವನೂ ಬಂದಿದಾನೆ ಕಣಪ್ಪ. ಶೌರ್ಯದ ಮೆಡಲ್ ನಂಗೊಬ್ಬನಿಗೇ ಬಂತು. ಈಗ ಹೇಳು, ಇವನಿಗೆ ಒಂದು ಸಾಲು ಸಾಕಾ?"

ರೇವಂತ್ ಮುಖ ಕೆಂಪಾಯಿತು. ಮಡಿಲಲ್ಲಿದ್ದ ನೋಟ್‌ಬುಕ್ ತಿರುವಿದ: ಒಂದು, ಎರಡು... ಒಂಬತ್ತು ಪುಟ, ಪೂರ್ತಿ ಸೋಮನಾಥ್ ಹೇಳಿದ್ದೇ.

"ಅಯ್ಯೋ ಸಾರ್, ಅಧ್ಯಾಯಾನ ಆಗ್ಲೇ ನನ್ ಕೈಯಲ್ಲೇ ಬರೆಸಿಬಿಟ್ಟಿದೀರಲ್ಲ!"

ಇಬ್ಬರು ಮುದುಕರೂ ನಕ್ಕರು, ನಾರಾಯಣಮ್ಮನವರೂ ನಕ್ಕರು. ಪಕ್ಕದ ಮನೆಯ ನಾಯಿ ಗಾಬರಿಯಾಗಿ ಬೊಗಳುವಷ್ಟು ಜೋರಾಗಿ ನಕ್ಕವನು ಮಾತ್ರ ರೇವಂತ್.